ಕಾಲೇಜು ಮೇಷ್ಟ್ರಿಗೆ ಸಂಶೋಧನೆಗೆ ಬಿಡುವು ಸಿಗುವುದು ಹೇಗೆ? ಫೆಲೋಶಿಪ್ ಪಡೆದವರು ದಯವಿಟ್ಟು ಹೇಳಿ

ನಾಲೆ ದಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸೇರಿ ಒಂಬತ್ತು ವರ್ಷ ಆಯಿತು. ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತ, ಪರೀಕ್ಷೆ ಕೆಲಸ, ಎನ್‌ಎಸ್‌ಎಸ್ ಶಿಬಿರ. ಪಿಎಚ್‌ಡಿ ಮುಗಿಸಿ ಆರು ವರ್ಷವಾದರೂ ಮುಂದಿನ ಕೆಲಸಕ್ಕೆ ಕೈ ಹಾಕಲು ಆಗಿಲ್ಲ.

ಆ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ನಮ್ಮ ಕಡೆಯ ಊರುಗಳು ಹೇಗೆ ಬದಲಾದವು ಅನ್ನುವುದು. ಆಗ ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರು. 1930ರ ದಶಕದಲ್ಲಿ ನೀರು ಹರಿಯಿತು, ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಇದಿಷ್ಟು ಪುಸ್ತಕದಲ್ಲಿ ಸಿಗುತ್ತದೆ. ಸಿಗದೇ ಇರುವುದು ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ನಮ್ಮ ತಾತನ ಅಪ್ಪ ಬರೆದ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಅಂಚು ಕಂದಿದ ಹಾಳೆ. ಗದ್ದೆಗೆ ನೀರು ಬಿಡುವ ನೀರುಗಂಟಿಗೆ ಕೊಟ್ಟ ಕಾಳು, ಆಲೆಮನೆಗೆ ಹೋದ ಕಬ್ಬಿನ ಗಾಡಿ, ಸಾಲ ತಂದ ದಿನ, ತೀರಿಸಿದ ದಿನ, ಎಲ್ಲ ಇದೆ. ಒಂದು ಪುಟದಲ್ಲಿ ರಾಗಿಯ ಲೆಕ್ಕ ಅರ್ಧಕ್ಕೇ ನಿಂತಿದೆ. ಮುಂದಿನ ಪುಟದಿಂದ ಭತ್ತದ ಲೆಕ್ಕ ಶುರುವಾಗಿದೆ. ನಡುವೆ ಒಂದು ಗೆರೆ ಎಳೆದಿದ್ದಾರೆ, ಅಷ್ಟೆ. ಆ ಗೆರೆಯನ್ನು ನೋಡುತ್ತಾ ನಾನು ಅರ್ಧ ಗಂಟೆ ಹಾಗೇ ಕೂತಿದ್ದೆ.

ವಿಚಾರಿಸಿದಾಗ ಸುತ್ತಲಿನ ಊರುಗಳಲ್ಲೂ ಇಂಥ ಪುಸ್ತಕ ಇರುವುದು ಗೊತ್ತಾಯಿತು. ಕೆಲವಕ್ಕೆ ಗೆದ್ದಲು ಹತ್ತಿದೆ. ಇವನ್ನೆಲ್ಲ ಓದಿ, ಮನೆಯ ಹಿರಿಯರನ್ನು ಮಾತಾಡಿಸಿ, ಬೆಂಗಳೂರಿನ ಪತ್ರಾಗಾರದಲ್ಲಿರುವ ಕಡತಗಳ ಜೊತೆ ಹೋಲಿಸಿ ನೋಡಬೇಕು. ಭಾನುವಾರಗಳಲ್ಲಿ ಮಾಡಿ ಮುಗಿಯುವ ಕೆಲಸ ಅಲ್ಲ.

ಹೋದ ವರ್ಷ ಒಂದು ಫೆಲೋಶಿಪ್‌ಗೆ ಅರ್ಜಿ ಬರೆದಿದ್ದೆ. ಮೇಲಿನವರ ಸಹಿ ಬೇಕಿತ್ತು. ಅರ್ಜಿ ಒಂದು ಮೇಜಿನ ಮೇಲೆ ಹನ್ನೆರಡು ದಿನ ಇತ್ತು. ಸಹಿಯಾಗಿ ಕೈಗೆ ಬರುವ ಹೊತ್ತಿಗೆ ಕೊನೆಯ ದಿನ ಕಳೆದು ಎರಡು ದಿನ ಆಗಿತ್ತು. ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಈ ಸಲ ತಪ್ಪಬಾರದು ಅಂತ ಕೇಳುತ್ತಿದ್ದೇನೆ. ನನ್ನಂಥವರಿಗೆ ಯಾವ ಯೋಜನೆ ಆಗಿಬರುತ್ತದೆ? ಎಲ್ಲಿಂದ ಶುರು ಮಾಡಬೇಕು?

ಗಂಗೋತ್ರಿ ಹಳಬ, ಮೈಸೂರು

ರಾಗಿ ನಿಂತು ಭತ್ತ ಶುರುವಾದ ಪುಟದ ಬಗ್ಗೆ ಓದಿ ತುಂಬಾ ಖುಷಿಯಾಯಿತು. ನಾನು ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮಗೆ ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ಬಿಡುವು. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪ್ರಾಜೆಕ್ಟ್ ಸಿಕ್ಕರೆ ಓಡಾಟಕ್ಕೆ, ಸಹಾಯಕರಿಗೆ, ಸ್ಕ್ಯಾನರ್‌ಗೆ ಹಣ ಬರುತ್ತದೆ. ಆದರೆ ಪಾಠ ಒಂದು ಗಂಟೆಯೂ ಕಡಿಮೆ ಆಗುವುದಿಲ್ಲ. ಫೆಲೋಶಿಪ್ ಅಂದರೆ ಸಾಮಾನ್ಯವಾಗಿ ಕಾಲೇಜು ಬಿಟ್ಟು ಹೋಗಿ ಕೂರುವುದು. ಅದಕ್ಕೆ ರಜೆ ಮಂಜೂರಾಗಬೇಕು. ತುಂಬಾ ಜನ ಈ ಎರಡನ್ನೂ ಒಂದೇ ಅಂದುಕೊಂಡು ಅರ್ಜಿ ಹಾಕುತ್ತಾರೆ. ಸಿಕ್ಕ ಮೇಲೆ ಒದ್ದಾಡುತ್ತಾರೆ.

ನಿಮ್ಮ ವಿಷಯಕ್ಕೆ ಮೂರು ಬಾಗಿಲು ಇವೆ. 1969ರಲ್ಲಿ ಶುರುವಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಒಂದು. ನಾವೆಲ್ಲ ಐಸಿಎಸ್‌ಎಸ್‌ಆರ್ ಅಂತಲೇ ಕರೆಯುವುದು. ಅಲ್ಲಿ ಮೇಜರ್, ಮೈನರ್ ಪ್ರಾಜೆಕ್ಟ್ ಎರಡೂ ಇವೆ, ಹಿರಿಯರಿಗೆ ಫೆಲೋಶಿಪ್ ಕೂಡ ಇದೆ. ಇನ್ನೊಂದು 1972ರಲ್ಲಿ ಶುರುವಾದ ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ, ಐಸಿಎಚ್‌ಆರ್. ಇತಿಹಾಸದವರಿಗೆ ಇದು ಮನೆ ಇದ್ದ ಹಾಗೆ. ಪತ್ರಾಗಾರಕ್ಕೆ ಹೋಗಿ ಕಡತ ನೋಡಿ ಬರಲು ಅಧ್ಯಯನ ಪ್ರವಾಸದ ಸಣ್ಣ ಅನುದಾನ ಕೊಡುತ್ತಾರೆ. ಮೊತ್ತ ಸಣ್ಣದು ಅಂತ ಬಿಡಬೇಡಿ. ವಿಧಾನಸೌಧದ ಪತ್ರಾಗಾರದಲ್ಲಿ ಹದಿನೈದು ದಿನ ಕೂತರೆ ನಿಮ್ಮ ದೊಡ್ಡ ಅರ್ಜಿಗೆ ಬೇಕಾದ ಅರ್ಧ ಮಾತು ಸಿಗುತ್ತದೆ.

ಮೂರನೆಯದು ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. 1965ರಲ್ಲಿ ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ರಾಧಾಕೃಷ್ಣನ್, ನಮ್ಮ ಮಹಾರಾಜ ಕಾಲೇಜಿನಲ್ಲಿ ಹಿಂದೆ ತತ್ವಶಾಸ್ತ್ರ ಪಾಠ ಮಾಡಿದವರು. ಅಲ್ಲಿ ಫೆಲೋ ಆದರೆ ಎರಡು ವರ್ಷದವರೆಗೆ ಇದ್ದು ಬರೆಯಬಹುದು. ನಾನು ಸೇವೆಯಲ್ಲಿದ್ದಾಗ ಅಸೋಸಿಯೇಟ್ ಆಗಿ ಹೋಗಿದ್ದೆ. ವರ್ಷಕ್ಕೆ ಒಂದು ತಿಂಗಳಂತೆ ಮೂರು ವರ್ಷ. ಬೇಸಿಗೆ ರಜೆಯಲ್ಲೇ ಹೋಗಿ ಬರಬಹುದಿತ್ತು, ಯಾರ ಕ್ಲಾಸೂ ಕೆಡಲಿಲ್ಲ. ಆ ಒಂದು ತಿಂಗಳಲ್ಲಿ ಮೈಸೂರಿನ ಒಂದು ವರ್ಷದ ಕೆಲಸ ಆಗುತ್ತಿತ್ತು. ಬೆಳಿಗ್ಗೆ ತಿಂಡಿ ತಿಂದು ಲೈಬ್ರರಿಗೆ ಹೋದರೆ ಕತ್ತಲಾಗುವವರೆಗೆ ಯಾರೂ ಕರೆಯುವುದಿಲ್ಲ. ಆ ಕಟ್ಟಡ ಹಿಂದೆ ವೈಸರಾಯ್‌ಗಳ ಬೇಸಿಗೆ ಮನೆ. ನಿಮ್ಮ ನಾಲೆಗೆ ಹೆಸರು ಕೊಟ್ಟ ಇರ್ವಿನ್ ಕೂಡ ಅಲ್ಲೇ ಬೇಸಿಗೆ ಕಳೆದದ್ದು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕಥೆ ಇಲ್ಲಿ ಹೇಳಲೇಬೇಕು. ಮೈಸೂರಿನಲ್ಲೇ ಹುಟ್ಟಿದವರು. ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಅಧ್ಯಾಪಕ ಹುದ್ದೆ ಕೊಟ್ಟಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಿಟ್ಟುಕೊಟ್ಟರು. ಹಾಗಾಗಿ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಬಂದು ಇದ್ದರು. ಆ ಊರಿಗೆ ರಾಂಪುರ ಅಂತ ಹೆಸರಿಟ್ಟು ಬರೆದರು. ಆಮೇಲೆ ಪಾಠ, ಆಡಳಿತ, ಹೊಸ ವಿಭಾಗ ಕಟ್ಟುವುದು, ಇದರಲ್ಲೇ ಇಪ್ಪತ್ತು ವರ್ಷ ಹೋಯಿತು. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನ ಒಂದು ಅಧ್ಯಯನ ಕೇಂದ್ರದಲ್ಲಿ ಫೆಲೋ ಆಗಿ ಬರೆಯಲು ಕೂತಿದ್ದರು. ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಕಟ್ಟಡಕ್ಕೆ ಬೆಂಕಿ ಇಟ್ಟರು. ಅವರು ವರ್ಷಗಟ್ಟಲೆ ಕೂತು ಸಿದ್ಧಮಾಡಿದ್ದ ಟಿಪ್ಪಣಿಯ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ಎದ್ದು ಬರಲಿಲ್ಲ. ನೆನಪಿನಿಂದಲೇ ಬರೆಯಲು ಕೂತರು. ಇವತ್ತಿಗೂ ಹಳ್ಳಿಯ ಬಗ್ಗೆ ಓದುವವರು ಮೊದಲು ಹಿಡಿಯುವುದು ಆ ಪುಸ್ತಕವನ್ನೇ. ಮೊದಲು ಒಂದು ವರ್ಷ ಹಳ್ಳಿಯಲ್ಲಿರಲು, ಆಮೇಲೆ ಒಂದು ವರ್ಷ ಬರೆಯಲು ಯಾರೋ ಬಿಡುವು ಕೊಟ್ಟರು. ಅದಿಲ್ಲದೆ ಅದು ಆಗುತ್ತಿರಲಿಲ್ಲ.

ರಜೆಯ ಬಗ್ಗೆ: ಯುಜಿಸಿಯ 2018ರ ನಿಯಮಗಳನ್ನು ತೆಗೆದು ಓದಿ. ಸಬ್ಬಾಟಿಕಲ್, ಅಂದರೆ ಸಂಶೋಧನೆಗೆ ಕೊಡುವ ಸಂಬಳದ ರಜೆ, ಇರುವುದು ಅಸೋಸಿಯೇಟ್ ಪ್ರೊಫೆಸರ್, ಪ್ರೊಫೆಸರ್‌ಗಳಿಗೆ, ಅದೂ ಏಳು ವರ್ಷದ ಸೇವೆ ಆದ ಮೇಲೆ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ಇರುವುದು ಸ್ಟಡಿ ಲೀವ್. ನಿಮ್ಮ ಇಲಾಖೆಯ ರಜೆ ನಿಯಮವನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಪ್ರಾಂಶುಪಾಲರ ಮುಂದೆ ಹೋಗುವಾಗ ಯಾವ ನಿಯಮದಡಿ ಕೇಳುತ್ತಿದ್ದೀರಿ ಅಂತ ಬರೆದುಕೊಂಡೇ ಹೋಗಿ.

ಬೆಲ್ಲದ ಪಾಕ, ಪಾಂಡವಪುರ

ನಾನು ರಸಾಯನಶಾಸ್ತ್ರದವಳು. ವಿಜ್ಞಾನದ ಕಡೆಯವರೂ ಈ ಚರ್ಚೆ ಓದುತ್ತಿರುತ್ತಾರೆ ಅಂತ ನನ್ನ ಅನುಭವ ಹಾಕುತ್ತಿದ್ದೇನೆ.

ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಇದ್ದ ಕಾಲದಲ್ಲಿ ನನಗೆ ‘ಟೇರ್’ ಸಿಕ್ಕಿತ್ತು. ರಾಜ್ಯ ವಿಶ್ವವಿದ್ಯಾಲಯ, ಕಾಲೇಜುಗಳ ಕಾಯಂ ಅಧ್ಯಾಪಕರು ಒಂದು ದೊಡ್ಡ ಸಂಸ್ಥೆಯ ಲ್ಯಾಬ್‌ಗೆ ಹೋಗಿ ಬಂದು ಕೆಲಸ ಮಾಡುವ ಯೋಜನೆ. ಮೂರು ವರ್ಷ. ವರ್ಷಕ್ಕೆ 5 ಲಕ್ಷ ರೂಪಾಯಿ ಸಂಶೋಧನಾ ಖರ್ಚು. ಅರ್ಧ ನಮ್ಮ ಕಾಲೇಜಿಗೆ, ಅರ್ಧ ಆ ಲ್ಯಾಬ್‌ಗೆ. ನಮ್ಮ ಕೈಗೆ ವರ್ಷಕ್ಕೆ 60,000. ನಾನು ಆರಿಸಿಕೊಂಡದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು ಅನ್ನುವುದೇ ದೊಡ್ಡ ಕಾರಣ.

ವಿಷಯ ಬೆಲ್ಲ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಹಿಂದೆ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಬಿಟ್ಟು ಕಲ್ಮಶ ತೆಗೆಯುತ್ತಿದ್ದರು. ಎರಡರ ಬೆಲ್ಲದಲ್ಲಿ ಏನೇನು ವ್ಯತ್ಯಾಸ ಅಂತ ನೋಡಬೇಕಿತ್ತು. ರಾತ್ರಿ ಎರಡು ಗಂಟೆಗೆ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಬಿಸಿ ಪಾಕವನ್ನು ಸ್ಟೀಲ್ ಡಬ್ಬಿಗೆ ಹಾಕಿಸಿಕೊಂಡು, ಡಬ್ಬಿಯ ಮೇಲೆ ಊರು, ದಿನ, ಕಬ್ಬಿನ ತಳಿ ಬರೆದ ಚೀಟಿ ಅಂಟಿಸಿ, ಬೆಳಗಿನ ಬಸ್ಸಿಗೆ ಮೈಸೂರಿಗೆ. ಕೈ ಚೀಲ ಪೂರ್ತಿ ಬೆಲ್ಲದ ವಾಸನೆ. ನಮ್ಮ ಕಾಲೇಜಿನಲ್ಲಿ ಇಲ್ಲದ ಯಂತ್ರಗಳು ಅಲ್ಲಿದ್ದವು, ಕೇಳಿದರೆ ಹೇಳಿಕೊಡುವವರೂ ಇದ್ದರು. ನನಗೆ ದುಡ್ಡಿಗಿಂತ ಅದು ಮುಖ್ಯವಾಯಿತು.

ಈಗ ಕಷ್ಟದ ಮಾತು. ಹಣ ಬಂದ ಮೇಲೆ ಅದರ ಲೆಕ್ಕವೇ ಒಂದು ಕೆಲಸ. ವರ್ಷದ ಕೊನೆಗೆ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ಯು.ಸಿ., ಕಳಿಸಬೇಕು. ಅದು ಹೋಗದೆ ಮುಂದಿನ ಕಂತು ಬರುವುದಿಲ್ಲ. ನನ್ನ ಎರಡನೇ ವರ್ಷದ ಯು.ಸಿ. ಕಚೇರಿಯಲ್ಲಿ ಮೂರು ತಿಂಗಳು ಇತ್ತು. ಬ್ಯಾಂಕ್ ಬಡ್ಡಿಯ ಲೆಕ್ಕ ತಾಳೆ ಆಗಲಿಲ್ಲ ಅಂತ. ಮುಂದಿನ ಕಂತು ತಡವಾಯಿತು. ಬೇಕಾದ ಕೆಮಿಕಲ್‌ಗೆ ಕೈಯಿಂದ ದುಡ್ಡು ಹಾಕಿದೆ. ಅದಕ್ಕೇ ಹೇಳುತ್ತೇನೆ, ಮೊದಲ ದಿನದಿಂದಲೇ ಪ್ರಾಜೆಕ್ಟ್‌ಗೆ ಬೇರೆ ಖಾತೆ ತೆರೆಸಿ. ಪ್ರತಿ ಬಿಲ್ಲಿಗೂ ಎರಡು ಪ್ರತಿ ಇಟ್ಟುಕೊಳ್ಳಿ. ಲೆಕ್ಕದ ವಿಭಾಗದವರನ್ನು ಮಾರ್ಚ್‌ನಲ್ಲಿ ಹೋಗಿ ಕಾಣಬೇಡಿ, ಜೂನ್‌ನಲ್ಲೇ ಪರಿಚಯ ಮಾಡಿಕೊಳ್ಳಿ. ಅವರಿಗೂ ಇದು ಹೊಸದು, ಕೂತು ವಿವರಿಸಿದರೆ ಸಹಾಯ ಮಾಡುತ್ತಾರೆ.

ಬಜೆಟ್ ಬರೆಯುವಾಗ ತೆರಿಗೆ ಮರೆಯಬೇಡಿ. 2022ರ ಜುಲೈ 18ರವರೆಗೆ ಸಂಶೋಧನಾ ಸಂಸ್ಥೆಗಳು ಉಪಕರಣ ಕೊಂಡರೆ 5% ಜಿಎಸ್‌ಟಿ ಇತ್ತು. ಆ ರಿಯಾಯಿತಿ ಹೋಯಿತು. ಈಗ ಎಷ್ಟೋ ಉಪಕರಣಕ್ಕೆ 18%. ಹಳೆಯ ಕೊಟೇಶನ್ ನೋಡಿ ಬರೆದರೆ ಒಂದು ಯಂತ್ರಕ್ಕೆ ಬೇಕಾದ ದುಡ್ಡೇ ಸಾಲುವುದಿಲ್ಲ.

ಸುಮ್ನೆ ಓದುವವ, ಮೈಸೂರು

ಎಸ್‌ಇಆರ್‌ಬಿ ಈಗ ಇಲ್ವಾ ಮೇಡಂ?

ಬೆಲ್ಲದ ಪಾಕ, ಪಾಂಡವಪುರ

ಇಲ್ಲ. 2023ರ ಕಾಯ್ದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು, ಎಎನ್‌ಆರ್‌ಎಫ್. ಎಸ್‌ಇಆರ್‌ಬಿ ಅದರಲ್ಲಿ ಸೇರಿಹೋಯಿತು. ಐದು ವರ್ಷಕ್ಕೆ 50,000 ಕೋಟಿ ಅಂತ ಹೇಳಿದ್ದಾರೆ. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಹೆಚ್ಚಾಗಿ ಖಾಸಗಿಯವರಿಂದ ಬರಬೇಕು. ಹೊಸದಾಗಿ ಸೇರಿದವರಿಗೆ ಪ್ರಧಾನಮಂತ್ರಿ ಅರ್ಲಿ ಕರಿಯರ್ ಗ್ರಾಂಟ್ ಅಂತ ತಂದಿದ್ದಾರೆ. ಗಣಿತದವರಿಗೆ ಹಿಂದಿನಿಂದ ‘ಮ್ಯಾಟ್ರಿಕ್ಸ್’ ಇತ್ತು, ವರ್ಷಕ್ಕೆ 2 ಲಕ್ಷದಂತೆ ಮೂರು ವರ್ಷ. ಅದರ ಗುಣ ಏನೆಂದರೆ ಇಷ್ಟು ಪೆನ್ನು, ಇಷ್ಟು ಪೇಪರ್ ಅಂತ ಬಜೆಟ್ ಬಿಡಿಸಿ ಬರೆಯಬೇಕಾಗಿರಲಿಲ್ಲ. ರಾಜ್ಯ ವಿಶ್ವವಿದ್ಯಾಲಯದವರಿಗೇ ಅಂತ ‘ಶ್ಯೂರ್’ ಬಂದಿತ್ತು, ಮೂರು ವರ್ಷಕ್ಕೆ 30 ಲಕ್ಷದವರೆಗೆ. ನಮ್ಮಂಥವರು ಐಐಟಿಯವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ ಅನ್ನುವುದು ಅದರ ಒಳ್ಳೆಯತನ. ಕರ್ನಾಟಕ ಸರ್ಕಾರದ ವಿಜಿಎಸ್‌ಟಿಯನ್ನೂ ನೋಡಿ, ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುತ್ತದೆ.

ಮಕ್ಕಳು ಓದುತ್ತಿದ್ದರೆ ಇದು: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ. ಅದು ವಿದ್ಯಾರ್ಥಿಗಳಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಧ್ಯಾಪಕರಿಗೂ ಇದೆ. ನಾನು ಟೇರ್‌ಗೂ ಮುಂಚೆ ಹೋಗಿ ಬಂದದ್ದು ಅದರಲ್ಲೇ.

ವೀರಗಲ್ಲು, ಕೆ.ಆರ್. ಪೇಟೆ

ಎಲ್ಲರೂ ‘ಕಾಯಂ ಅಧ್ಯಾಪಕರು’ ಅಂತ ಬರೆಯುತ್ತಿದ್ದೀರಿ. ನಾನು ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಪಿಎಚ್‌ಡಿ ಇದೆ. ನಾಲ್ಕು ಲೇಖನ ಇವೆ. ನಮ್ಮ ತಾಲ್ಲೂಕಿನ ಊರೂರು ತಿರುಗಿ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋ ತೆಗೆದು, ಎಲ್ಲಿವೆ, ಯಾರ ಹೊಲದಲ್ಲಿವೆ ಅಂತ ಬರೆದಿಟ್ಟಿದ್ದೇನೆ. ಹೊಸಹೊಳಲಿನ ದೇವಸ್ಥಾನ ನೋಡಲು ಜನ ಬರುತ್ತಾರೆ. ಅಲ್ಲಿಂದ ಎರಡು ಮೈಲಿ ಆಚೆ ಬೇಲಿಯಲ್ಲಿ ಬಿದ್ದಿರುವ ಕಲ್ಲನ್ನು ಯಾರೂ ನೋಡುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಕಲ್ಲು ಜೆಸಿಬಿಗೆ ಸಿಕ್ಕಿ ಎರಡು ಹೋಳಾಯಿತು. ನಾನು ಅದರ ಫೋಟೋ ತೆಗೆದು ಬರೀ ಎರಡು ವಾರ ಆಗಿತ್ತು.

ಯಾವ ಅರ್ಜಿ ತೆಗೆದರೂ ಮೊದಲ ಸಾಲಿನಲ್ಲೇ ‘ರೆಗ್ಯುಲರ್ ಫ್ಯಾಕಲ್ಟಿ’ ಅಂತ ಇರುತ್ತದೆ. ಅಲ್ಲಿಗೇ ಮುಚ್ಚಿಬಿಡುತ್ತೇನೆ. ನಮ್ಮ ಪದವಿ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವುದೇ ನಮ್ಮಂಥವರಿಂದ ಅಲ್ವಾ? ನಮಗೆ ಸಂಶೋಧನೆ ಬೇಡವಾ?

ತಾಳೆಗರಿ, ಮೈಸೂರು

ಸರ್, ನಿಮ್ಮ ಮಾತು ಪೂರ್ತಿ ನಿಜ. ಇದು ಬದಲಾಗಲೇಬೇಕು. ಆದರೆ ನಿಮಗೆ ತೆರೆದಿರುವ ಒಂದು ಬಾಗಿಲು ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್, ಸೀನಿಯರ್ ಫೆಲೋಶಿಪ್. 25ರಿಂದ 40 ವಯಸ್ಸಿನವರಿಗೆ ಜೂನಿಯರ್, ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಸೀನಿಯರ್, 20,000. ಎರಡು ವರ್ಷ. ಕಾಯಂ ನೌಕರಿ ಇರಲೇಬೇಕು ಅಂತಿಲ್ಲ. ಸಂಗೀತ, ನಾಟಕದವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಶಾಸನ, ನಾಣ್ಯ, ಭಾರತೀಯ ವಿದ್ಯೆಗಳಿಗೂ ಅದರಲ್ಲಿ ಜಾಗ ಇದೆ. ನಿಮ್ಮ ವೀರಗಲ್ಲು ಅದಕ್ಕೆ ಸರಿಯಾಗಿ ಹೊಂದುತ್ತದೆ. ಹಣ ಆರಾರು ತಿಂಗಳಿಗೆ ಬರುತ್ತದೆ, ವರದಿ ಕೊಡಬೇಕು. ನಿಮ್ಮ ಹತ್ತಿರ ಹನ್ನೊಂದು ವರ್ಷದ ಫೋಟೋ ಇವೆ. ಇದಕ್ಕಿಂತ ಒಳ್ಳೆಯ ಅರ್ಜಿ ಬೇರೆ ಯಾರು ಬರೆಯುತ್ತಾರೆ?

ಅದೇ ಸಚಿವಾಲಯದ ಟ್ಯಾಗೋರ್ ರಾಷ್ಟ್ರೀಯ ಫೆಲೋಶಿಪ್ ಇನ್ನೂ ದೊಡ್ಡದು. ಫೆಲೋಗೆ ತಿಂಗಳಿಗೆ 80,000, ಸ್ಕಾಲರ್‌ಗೆ 50,000. ಒಂದು ಮ್ಯೂಸಿಯಂ, ಗ್ರಂಥಾಲಯ ಅಥವಾ ಪತ್ರಾಗಾರದ ಜೊತೆ ಸೇರಿ, ಅಲ್ಲಿರುವ ವಸ್ತುಗಳ ಮೇಲೇ ಕೆಲಸ ಮಾಡಬೇಕು.

ನಾನು ಹಸ್ತಪ್ರತಿ ಕೆಲಸದವಳು. ನಮ್ಮೂರಲ್ಲೇ ಇರುವ ದೊಡ್ಡ ಉದಾಹರಣೆ ಹೇಳುತ್ತೇನೆ. ಮೈಸೂರಿನ ಓರಿಯಂಟಲ್ ಲೈಬ್ರರಿ ಶುರುವಾದದ್ದು 1891ರಲ್ಲಿ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು. ಓದಿ, ಶುದ್ಧ ಮಾಡಿ, 1909ರಲ್ಲಿ ಅಚ್ಚು ಹಾಕಿದರು. ನಡುವೆ ನಾಲ್ಕು ವರ್ಷ. ಅವರಿಗೆ ಯಾರೂ ಫೆಲೋಶಿಪ್ ಅಂತ ಕೊಟ್ಟಿರಲಿಲ್ಲ. ಆದರೆ ಗರಿಗಳ ಮುಂದೆ ಕೂರುವುದೇ ಅವರ ನೌಕರಿಯಾಗಿತ್ತು. ಸಂಸ್ಥಾನ ಅದಕ್ಕೆ ಸಂಬಳ ಕೊಡುತ್ತಿತ್ತು. ನಮಗೆ ಈಗ ಬೇಕಾಗಿರುವುದೂ ಅದೇ.

ಮರಳಿ ಬಂದವಳು, ಮೈಸೂರು

ಹೆಣ್ಣುಮಕ್ಕಳಿಗೆ ಒಂದು ಮಾತು. ನಾನು ಭೌತಶಾಸ್ತ್ರ. ಇಬ್ಬರು ಮಕ್ಕಳಾದ ಮೇಲೆ ಆರು ವರ್ಷ ಮನೆಯಲ್ಲಿದ್ದೆ. ವಾಪಸ್ ಬಂದಾಗ ಎಲ್ಲ ಅರ್ಜಿಯಲ್ಲೂ ವಯಸ್ಸು ಅಡ್ಡ ಬಂತು. ಆಗ ವಿಜ್ಞಾನ ತಂತ್ರಜ್ಞಾನ ಇಲಾಖೆಯ ‘ವೈಸ್ ಕಿರಣ್’ ಬಗ್ಗೆ ತಿಳಿಯಿತು. ಕೆಲಸ ಬಿಟ್ಟು ಮತ್ತೆ ಸಂಶೋಧನೆಗೆ ಮರಳುವ ಹೆಂಗಸರಿಗೇ ಇರುವ ಯೋಜನೆಗಳು ಅದರಲ್ಲಿವೆ. ಬಿಟ್ಟ ವರ್ಷಗಳನ್ನು ಬಯೋಡೇಟಾದಲ್ಲಿ ಮುಚ್ಚಿಡಬೇಡಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಮಕ್ಕಳನ್ನು ನೋಡಿಕೊಂಡೆ ಅಂತ ನೇರವಾಗಿ ಬರೆಯಿರಿ. ನಾನು ಮೊದಲ ಸಲ ಅದನ್ನು ಬಿಟ್ಟು ಬರೆದೆ. ಸಂದರ್ಶನದಲ್ಲಿ ಅದನ್ನೇ ಕೇಳಿದರು, ತಡವರಿಸಿದೆ. ಎರಡನೇ ಸಲ ಬರೆದೇ ಹೋದೆ, ಯಾರೂ ಕೇಳಲಿಲ್ಲ.

ಸುಮ್ನೆ ಓದುವವ, ಮೈಸೂರು

ನಾನು ಎಂ.ಎ. ವಿದ್ಯಾರ್ಥಿ. ಪ್ರಶಸ್ತಿಗಳ ಬಗ್ಗೆಯೂ ಹೇಳಿ ಸರ್. ನಮ್ಮ ಮೇಷ್ಟ್ರೊಬ್ಬರಿಗೆ ‘ಅತ್ಯುತ್ತಮ ಸಂಶೋಧಕ ಪ್ರಶಸ್ತಿ’ ಬಂದಿದೆ ಅಂತ ಇಮೇಲ್ ಬಂದಿತ್ತು. ನೋಂದಣಿಗೆ ಐದು ಸಾವಿರ ಕಟ್ಟಬೇಕಂತೆ.

ಗಂಗೋತ್ರಿ ಹಳಬ, ಮೈಸೂರು

ದುಡ್ಡು ಕಟ್ಟಬೇಡಿ ಅಂತ ನಿಮ್ಮ ಮೇಷ್ಟ್ರಿಗೆ ಇವತ್ತೇ ಹೇಳಪ್ಪ. ದುಡ್ಡು ಕೇಳುವ ಪ್ರಶಸ್ತಿ ಪ್ರಶಸ್ತಿ ಅಲ್ಲ. ಅಂಥ ಫಲಕ ಬಯೋಡೇಟಾದಲ್ಲಿ ಇದ್ದರೆ ಆಯ್ಕೆ ಸಮಿತಿಯಲ್ಲಿ ಕೂತವರಿಗೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ನಾನು ಅಂಥ ಸಮಿತಿಗಳಲ್ಲಿ ಕೂತಿದ್ದೇನೆ. ದುಡ್ಡು ತೆಗೆದುಕೊಂಡು ಲೇಖನ ಹಾಕುವ ಪತ್ರಿಕೆಗಳದ್ದೂ ಇದೇ ಕಥೆ. ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಇನ್ನು ಯಾವುದು ಒಳ್ಳೆಯ ಪತ್ರಿಕೆ ಅಂತ ನಾವೇ ನೋಡಿ ತಿಳಿಯಬೇಕು.

ನಿಜವಾದ ಪ್ರಶಸ್ತಿಗಳು ಬೇರೆಯೇ. 1958ರಿಂದ ಕೊಡುತ್ತಾ ಬಂದ ಭಟ್ನಾಗರ್ ಪ್ರಶಸ್ತಿ ಈಗ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದೊಳಗೆ ‘ವಿಜ್ಞಾನ ಯುವ’ ಆಗಿದೆ. 2024ರಲ್ಲಿ ಮೊದಲ ಸಲ ಕೊಟ್ಟರು. ಬೆಂಗಳೂರಿನ ಇನ್ಫೋಸಿಸ್ ಪ್ರಶಸ್ತಿ ಒಂದು ಲಕ್ಷ ಡಾಲರ್‌ನದು, ಮಾನವಿಕಗಳಿಗೂ ಸಮಾಜ ವಿಜ್ಞಾನಕ್ಕೂ ಇದೆ. ಇವು ಮಾಡಿದ ಕೆಲಸಕ್ಕೆ ಬರುವಂಥವು. ನಾಲೆ ದಂಡೆಯವರಿಗೆ ಬೇಕಾಗಿರುವುದು ಮಾಡಬೇಕಾದ ಕೆಲಸಕ್ಕೆ. ಅವರ ವಿಷಯಕ್ಕೇ ವಾಪಸ್ ಬರೋಣ.

ನಾಲೆ ದಂಡೆ, ಮಂಡ್ಯ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿಯೆಲ್ಲ ಕೂತು ಓದಿದೆ. ಪ್ರೊಪೋಸಲ್‌ನ ಮೊದಲ ಸಾಲು ಹಾಕುತ್ತಿದ್ದೇನೆ, ತಿದ್ದಿ:

‘ಈ ಅಧ್ಯಯನವು ಮಂಡ್ಯ ಜಿಲ್ಲೆಯಲ್ಲಿ ನೀರಾವರಿಯ ಸಾಮಾಜಿಕ ಮತ್ತು ಆರ್ಥಿಕ ಪರಿಣಾಮಗಳನ್ನು ಸಮಗ್ರವಾಗಿ ವಿಶ್ಲೇಷಿಸುವ ಗುರಿಯನ್ನು ಹೊಂದಿದೆ.’

ಗಂಗೋತ್ರಿ ಹಳಬ, ಮೈಸೂರು

ಇದನ್ನು ಯಾರು ಬೇಕಾದರೂ ಬರೆಯಬಹುದು. ಲೆಕ್ಕದ ಪುಸ್ತಕ ಎಲ್ಲಿ ಹೋಯಿತು? ನೀವು ಇಲ್ಲಿ ಮೊದಲು ಬರೆದದ್ದನ್ನೇ ಮತ್ತೆ ಓದಿ. ಪ್ರೊಪೋಸಲ್ ಅಲ್ಲಿದೆ. ನಾನಾಗಿದ್ದರೆ ಹೀಗೆ ಶುರು ಮಾಡುತ್ತಿದ್ದೆ:

‘ನಾಲೆ ನೀರು ಬಂದ ಕಾಲದಲ್ಲಿ ರೈತ ಕುಟುಂಬಗಳು ಬರೆದಿಟ್ಟ ಮನೆ ಲೆಕ್ಕದ ಪುಸ್ತಕಗಳು ಮಂಡ್ಯದ ಹಳ್ಳಿಗಳಲ್ಲಿ ಇನ್ನೂ ಇವೆ. ಇವನ್ನು ಈವರೆಗೆ ಯಾರೂ ಆಕರವಾಗಿ ಬಳಸಿಲ್ಲ. ರಾಗಿಯಿಂದ ಭತ್ತ, ಕಬ್ಬಿಗೆ ಹೊರಳಿದಾಗ ಒಂದು ಮನೆಯ ಸಾಲ, ಕೂಲಿ, ಊಟ ಹೇಗೆ ಬದಲಾಯಿತು ಎಂದು ಇವುಗಳಿಂದ ತಿಳಿಯಬಹುದು.’

ಯಾರೂ ಬಳಸಿಲ್ಲ ಅನ್ನುವ ಮಾತನ್ನು ಮಾತ್ರ ಸರಿಯಾಗಿ ಹುಡುಕಿ ನೋಡಿ ಖಚಿತ ಮಾಡಿಕೊಂಡೇ ಬರೆಯಿರಿ. ನಿಮ್ಮ ಜಿಲ್ಲೆಯಲ್ಲಿ ಹಿಂದೆ ಆದ ಕೆಲಸವನ್ನೂ ಹೇಳಲೇಬೇಕು. 1950ರ ದಶಕದ ಮಧ್ಯದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಹತ್ತಿರದ ಎರಡು ಊರುಗಳಲ್ಲಿದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣ ಊರಾಗಿಯೇ ಉಳಿದಿತ್ತು. 1970ರಲ್ಲಿ ಮತ್ತೆ ಬಂದು ನೋಡಿದರು. ಅವರು ಬರುವ ಹೊತ್ತಿಗೆ ನೀರು ಹರಿದು ಇಪ್ಪತ್ತು ವರ್ಷ ಆಗಿತ್ತು. ಮೊದಲ ವರ್ಷಗಳ ಲೆಕ್ಕ ಜನರ ನೆನಪಿನಿಂದ ಕೇಳಬೇಕಾಯಿತು. ನಿಮ್ಮ ಹತ್ತಿರ ಬರಹದಲ್ಲೇ ಇದೆ. ಈ ಒಂದು ಮಾತೇ ನಿಮ್ಮ ಅರ್ಜಿಯ ಬಲ.

ಇನ್ನೊಂದು ನೋವಿನ ವಿಷಯ. ಈ ಅರ್ಜಿಗಳನ್ನೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕು. ಕನ್ನಡದ ಕಡತ ಓದಬಲ್ಲವರು, ಕನ್ನಡದಲ್ಲೇ ಯೋಚಿಸುವವರು ಇಲ್ಲೇ ಹಿಂದೆ ಬೀಳುತ್ತಾರೆ. ಹಾಗಾಗಿ ಮೊದಲು ಕನ್ನಡದಲ್ಲೇ ಪೂರ್ತಿ ಬರೆಯಿರಿ. ಏನು ಹೇಳಬೇಕು ಅನ್ನುವುದು ಗಟ್ಟಿಯಾಗಲಿ. ಆಮೇಲೆ ಇಂಗ್ಲಿಷಿಗೆ ತನ್ನಿ. ಆ ಕೆಲಸಕ್ಕೆ ನಾನು ಕೂರುತ್ತೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದ ಮೇಲೆ ನನಗೆ ಪೂರ್ತಿ ಬಿಡುವು.

ಬೆಲ್ಲದ ಪಾಕ, ಪಾಂಡವಪುರ

ಸಹಿಯ ವಿಷಯ ಮರೆಯಬೇಡಿ. ಅರ್ಜಿ ಪೂರ್ತಿ ಆಗುವವರೆಗೆ ಕಾಯಬೇಡಿ. ಪ್ರಾಂಶುಪಾಲರ ಒಪ್ಪಿಗೆ ಪತ್ರದ ನಮೂನೆ ಪ್ರಕಟಣೆಯ ಕೊನೆಯಲ್ಲಿ ಇರುತ್ತದೆ. ಅದನ್ನು ಮೊದಲ ವಾರವೇ ಟೈಪ್ ಮಾಡಿಸಿ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ತೆಗೆದುಕೊಂಡು ಹೋಗಿ. ನಿಮ್ಮ ಕ್ಲಾಸ್ ಯಾರು ನೋಡಿಕೊಳ್ಳುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಅವರಿಗೆ ಇರುವ ದೊಡ್ಡ ಚಿಂತೆ ಅದೊಂದೇ. ಅದಕ್ಕೆ ಉತ್ತರ ಸಿಕ್ಕರೆ ಪತ್ರ ಮೇಜಿನ ಮೇಲೆ ಉಳಿಯುವುದಿಲ್ಲ.

ನಾಲೆ ದಂಡೆ, ಮಂಡ್ಯ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬೆಲ್ಲದ ಪಾಕ ಮೇಡಂ ಹೇಳಿದ ಹಾಗೆಯೇ ಮಾಡಿದೆ. ಅರ್ಥಶಾಸ್ತ್ರದ ಸಹೋದ್ಯೋಗಿ ಮತ್ತು ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ ನನ್ನ ಕ್ಲಾಸ್ ಹಂಚಿಕೊಳ್ಳಲು ಒಪ್ಪಿದರು. ಆ ಹಾಳೆ ನೋಡಿದ ಪ್ರಾಂಶುಪಾಲರು ಎದುರಿಗೇ ಸಹಿ ಹಾಕಿದರು. ‘ಹೋದ ಸಲ ಯಾಕೆ ಹೀಗೆ ಬರಲಿಲ್ಲ’ ಅಂತ ಕೇಳಿದರು.

ಮೊದಲು ಪತ್ರಾಗಾರಕ್ಕೆ ಹೋಗುವ ಸಣ್ಣ ಅನುದಾನಕ್ಕೆ ಹಾಕಿದ್ದೇನೆ. ಐಸಿಎಸ್‌ಎಸ್‌ಆರ್ ಪ್ರಾಜೆಕ್ಟ್‌ನ ಕನ್ನಡ ಪ್ರತಿ ಎಂಟು ಪುಟ ಆಗಿದೆ. ಹೋದ ಭಾನುವಾರ ಮೈಸೂರಿಗೆ ಹೋಗಿ ಹಳಬ ಸರ್ ಜೊತೆ ಕೂತು ಮೂರು ಪುಟ ಇಂಗ್ಲಿಷಿಗೆ ತಂದೆವು. ‘ನೀರುಗಂಟಿ’ಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಸಿಗಲಿಲ್ಲ. ಕೊನೆಗೆ ಹಾಗೇ ಬಿಟ್ಟು, ಕೆಳಗೆ ಎರಡು ಸಾಲಿನ ವಿವರಣೆ ಕೊಟ್ಟೆವು.

ಪುಸ್ತಕಗಳ ಫೋಟೋ ತೆಗೆಯಲು ಶುರು ಮಾಡಿದ್ದೇನೆ. ಫೋನಿನಲ್ಲಿ ತೆಗೆದರೆ ನೆರಳು ಬೀಳುತ್ತಿದೆ, ಮಡಿಕೆಯಲ್ಲಿರುವ ಅಕ್ಷರ ಓದಲು ಆಗುವುದಿಲ್ಲ.

ವೀರಗಲ್ಲು, ಕೆ.ಆರ್. ಪೇಟೆ

ನನ್ನ ಹತ್ತಿರ ಟ್ರೈಪಾಡ್ ಇದೆ, ಎರಡು ಲೈಟ್ ಇವೆ. ಕಲ್ಲಿನ ಅಕ್ಷರಕ್ಕೆ ಪಕ್ಕದಿಂದ ಬೆಳಕು ಬಿಡಬೇಕು, ಕಾಗದಕ್ಕೆ ಎರಡೂ ಕಡೆಯಿಂದ. ಶನಿವಾರ ಮಧ್ಯಾಹ್ನದ ಮೇಲೆ ನನಗೆ ಕ್ಲಾಸ್ ಇಲ್ಲ. ಸೀನಿಯರ್ ಫೆಲೋಶಿಪ್‌ನ ಅರ್ಜಿ ನಮೂನೆ ಪ್ರಿಂಟ್ ತೆಗೆದಿದ್ದೇನೆ, ಅದನ್ನೂ ತರುತ್ತೇನೆ. ನಿಮ್ಮೂರಿಗೆ ಮಂಡ್ಯದಿಂದ ಎಷ್ಟು ಗಂಟೆಗೆ ಬಸ್ ಇದೆ?

ನಾಲೆ ದಂಡೆ, ಮಂಡ್ಯ

ಎರಡೂವರೆಗೆ ಒಂದಿದೆ ಸರ್. ನಾಲೆ ಏರಿಯ ಸ್ಟಾಪ್‌ನಲ್ಲಿ ಇಳಿಯಿರಿ, ನಾನು ಅಲ್ಲೇ ನಿಂತಿರುತ್ತೇನೆ.